ನೊಣದ ಮೂಗಿನ ಬೆನ್ನು ಹತ್ತಿದವರು

ಜಿಲ್ಲಾ ಮಟ್ಟದ ಬಿಡಿ ಸುದ್ದಿಗಾರರಾದ ನಮಗೆ ಕೆಲವು ಸುದ್ದಿಗಳನ್ನು ಕಣ್ಣು ಮುಚ್ಚಿಕೊಂಡು ಬರೆಯಲು ಬರುತ್ತದೆ. ಆಲಿಕಲ್ಲು ಮಳೆ ಬಿದ್ದರೆ ‘ಅಪಾರ ಬೆಳೆ ಹಾನಿ, ಪರಿಹಾರಕ್ಕೆ ರೈತರ ಒತ್ತಾಯ’. ರಸ್ತೆಯಲ್ಲಿ ಯಾರಿಗಾದರೂ ಗಾಡಿ ಗುದ್ದಿದರೆ ‘ಚಿಕಿತ್ಸೆ ಫಲಕಾರಿಯಾಗದೆ ಮೃತಪಟ್ಟಿದ್ದಾರೆ’. ಊರು, ಹೆಸರು, ವಯಸ್ಸು ಬದಲಾಯಿಸಿದರೆ ಸಾಕು, ಸುದ್ದಿ ತಯಾರು.

ಈ ಎರಡೂ ಸುದ್ದಿಗಳು ಒಬ್ಬರೇ ಮನುಷ್ಯರ ಬದುಕಿನಲ್ಲಿ ಬರುತ್ತವೆ. ಯೌವನದಲ್ಲಿ ಅವರ ಬೆಳೆಯನ್ನು ಆಲಿಕಲ್ಲು ಹಾಳು ಮಾಡಿತು. 81ನೇ ವಯಸ್ಸಿನಲ್ಲಿ ಬೆಂಗಳೂರಿನ ರಸ್ತೆಯೊಂದರಲ್ಲಿ ದ್ವಿಚಕ್ರ ವಾಹನ ಗುದ್ದಿ, ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಈ ಎರಡರ ನಡುವೆ ಸುಮಾರು ನಾಲ್ಕು ದಶಕ ಅವರು ಕೈಗೆತ್ತಿಕೊಂಡದ್ದು ಒಂದು ಚಿಕ್ಕ ನೊಣವನ್ನು. ಅದು ಹೇಗೆ ಮೂಸುತ್ತದೆ, ಹೇಗೆ ರುಚಿ ನೋಡುತ್ತದೆ, ಮೂಸಿದ್ದನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂದು ಕೇಳುತ್ತಲೇ ಹೋದರು. ಹೆಸರು ಒಬೈದ್ ಸಿದ್ದೀಕಿ. ಈ ನಡುವಿನ ಭಾಗವನ್ನು ಬರೆಯಲು ನಮ್ಮ ಬಳಿ ಸಿದ್ಧ ಸಾಲುಗಳಿಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇವೆ.

ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಮೊದಲ ವಾರವೇ ನಮಗೆ ಕಲಿಸಿದ್ದು ಆರು ಪ್ರಶ್ನೆ: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಕೆಲಸಕ್ಕೆ ಇಳಿದ ಮೇಲೆ ಮೊದಲ ನಾಲ್ಕರಲ್ಲೇ ನಮ್ಮ ಸುದ್ದಿ ಮುಗಿಯುತ್ತದೆ. ‘ಏಕೆ’ ಎಂಬುದು ರಾಜಕೀಯದವರ ಹೇಳಿಕೆಯಲ್ಲಿ ಬರುತ್ತದೆ. ‘ಹೇಗೆ’ ಎಂಬುದು ಕೊನೆಯ ಪ್ಯಾರಾದಲ್ಲಿ ಇರುತ್ತದೆ, ಜಾಗ ಸಾಲದಿದ್ದರೆ ಡೆಸ್ಕಿನವರು ಮೊದಲು ಕತ್ತರಿಸುವುದು ಅದನ್ನೇ. ಸಿದ್ದೀಕಿಯವರ ಇಡೀ ವೃತ್ತಿ ಆ ಕತ್ತರಿಸಿ ಹೋಗುವ ಪ್ಯಾರಾ.

ಆಲಿಕಲ್ಲಿನಿಂದ ಬೂಷ್ಟಿಗೆ

ಸಿದ್ದೀಕಿ ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದರು. ಆಮೇಲೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ತಳಿಶಾಸ್ತ್ರ ಹಿಡಿದರು. ಪ್ರಯೋಗಕ್ಕೆಂದು ಬೆಳೆಸಿದ್ದ ಗೋಧಿ ಹೊಲದ ಮೇಲೆ ಆಲಿಕಲ್ಲು ಮಳೆ ಬಿತ್ತು. ನಮ್ಮ ಕಡೆ ದ್ರಾಕ್ಷಿ ತೋಟದ ಮೇಲೆ ಆಲಿಕಲ್ಲು ಬಿದ್ದ ಮರುದಿನ ಹೋಗಿ ನೋಡಿದವರಿಗೆ ಗೊತ್ತು, ಅದು ಹೇಗಿರುತ್ತದೆ ಎಂದು. ತಳಿ ಪ್ರಯೋಗದಲ್ಲಿ ನಷ್ಟ ಇನ್ನೂ ದೊಡ್ಡದು. ಯಾವ ಗಿಡ ಯಾವ ಗಿಡದ ಸಂತಾನ ಎಂಬ ಲೆಕ್ಕವೇ ಮಣ್ಣುಪಾಲಾಗುತ್ತದೆ. ಅದಕ್ಕೆ ತಹಶೀಲ್ದಾರರೂ ಪರಿಹಾರ ಕೊಡಲಾರರು.

ಅಲ್ಲಿಂದ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದರು. ಅಲ್ಲಿ ಗೈಡೊ ಪಾಂಟೆಕಾರ್ವೊ ಎಂಬ ಇಟಲಿ ಮೂಲದ ತಳಿವಿಜ್ಞಾನಿ ಇದ್ದರು. ಆತ ಕೆಲಸ ಮಾಡುತ್ತಿದ್ದುದು ಆಸ್ಪರ್ಜಿಲಸ್ ಎಂಬ ಬೂಷ್ಟಿನ ಮೇಲೆ. ಹಳೆಯ ರೊಟ್ಟಿ, ನೆಂದ ಕಾಳಿನ ಮೇಲೆ ಕಟ್ಟುವ ಬೂಷ್ಟಿನ ಬಳಗದ್ದೇ ಅದು. ಗೋಧಿಯ ಒಂದು ತಲೆಮಾರಿಗೆ ಒಂದು ಹಂಗಾಮು ಕಾಯಬೇಕು, ಬೂಷ್ಟಿಗೆ ಕೆಲವು ದಿನ ಸಾಕು. ಗಾಜಿನ ತಟ್ಟೆಯ ಮೇಲೆ ಆಲಿಕಲ್ಲೂ ಬೀಳುವುದಿಲ್ಲ.

ಗ್ಲಾಸ್ಗೋದಲ್ಲಿ ಪಿಎಚ್.ಡಿ ಮುಗಿಸಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅಲನ್ ಗ್ಯಾರೆನ್ ಜೊತೆ ಬ್ಯಾಕ್ಟೀರಿಯಾದ ಮೇಲೆ ಕೆಲಸ. ಜೀನಿನ ಬರಹದಲ್ಲಿ ‘ವಾಕ್ಯ ಮುಗಿಯಿತು’ ಎಂದು ಹೇಳುವ ಗುರುತುಗಳಿವೆ ಎಂಬುದು ಅಂದಿಗೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಆ ಗುರುತು ತಪ್ಪು ಜಾಗದಲ್ಲಿ ಬಂದರೆ ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತದೆ. ಹಾಗೆ ನಿಂತದ್ದನ್ನು ಮತ್ತೆ ಮುಂದಕ್ಕೆ ದಾಟಿಸಬಲ್ಲ ಬ್ಯಾಕ್ಟೀರಿಯಾಗಳೂ ಇವೆ. ಇವರಿಬ್ಬರೂ 1962ರಲ್ಲಿ ಪ್ರಕಟಿಸಿದ ಕೆಲಸ ಆ ತಿಳಿವಿನ ದಾರಿಯಲ್ಲಿನ ಒಂದು ಮುಖ್ಯ ಮೈಲಿಗಲ್ಲು.

ಭೌತವಿಜ್ಞಾನಿ ಲಿಯೊ ಝಿಲಾರ್ಡ್ ಅವರ ಶಿಫಾರಸಿನ ಮೇಲೆ ಹೋಮಿ ಭಾಭಾ ಇವರನ್ನು ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆದರು. ಅಣು, ಗಣಿತ, ಕಾಸ್ಮಿಕ್ ಕಿರಣಗಳ ಸಂಸ್ಥೆಯಲ್ಲಿ 1962ರಲ್ಲಿ ಅಣು ಜೀವಶಾಸ್ತ್ರದ ಒಂದು ಘಟಕ ಶುರುವಾಯಿತು. ಸಿದ್ದೀಕಿಗೆ ಆಗ 30 ವರ್ಷ. ಹತ್ತು ವರ್ಷ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡಿ ಹೆಸರು ಗಳಿಸಿದ ಮೇಲೆ ಎಲ್ಲ ಬಿಟ್ಟು ನೊಣ ಹಿಡಿದರು.

ಯಾವ ನೊಣ?

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ‘ನೊಣ’ ಎಂದರೆ ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ನೊಣ ಎಂದರೆ ಊಜಿ. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಇಡೀ ಬೆಳೆ ಕೆಡಿಸುತ್ತದೆ. ಚಿಂತಾಮಣಿ, ಅದರಾಚೆ ಕೋಲಾರದ ಶ್ರೀನಿವಾಸಪುರದ ಮಾವಿನವರಿಗೆ ನೊಣ ಎಂದರೆ ಹಣ್ಣು ನೊಣ. ಮೇಲೆ ಚಂದದ ಹಣ್ಣು, ಕೊಯ್ದರೆ ಒಳಗೆ ಹುಳು.

ಸಿದ್ದೀಕಿಯವರದು ಈ ಎರಡೂ ಅಲ್ಲ. ಬಾಳೆಹಣ್ಣು ಎರಡು ದಿನ ಹೆಚ್ಚಾಗಿ ಮಾಗಿದರೆ ಅಡುಗೆಮನೆಯಲ್ಲಿ ಎಲ್ಲಿಂದಲೋ ಬಂದು ಮುತ್ತುತ್ತವಲ್ಲ, ಕೆಂಪು ಕಣ್ಣಿನ ಚಿಕ್ಕ ನೊಣ, ಅದು. ಹೆಸರು ಡ್ರೊಸೊಫಿಲಾ. ಮೂರು ಮಿಲಿಮೀಟರ್ ಉದ್ದ ಇದ್ದರೆ ಹೆಚ್ಚು. ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು ಹತ್ತು ಹನ್ನೆರಡು ದಿನ. ನಮ್ಮ ಕಾಲೇಜುಗಳಲ್ಲಿ ಬಿ.ಎಸ್ಸಿ ಪ್ರಾಣಿಶಾಸ್ತ್ರ ಓದಿದವರು ಇದನ್ನು ನೋಡಿರುತ್ತಾರೆ. ಬಾಟಲಿಯೊಳಗೆ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಗಂಜಿ, ಬಾಯಿಗೆ ಹತ್ತಿ. ಸಜ್ಜಿಗೆಯ ಸಾಮಾನಿನಲ್ಲೇ ನೊಣವನ್ನೂ ಸಾಕಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಕಾಪಿಡುವ ಕೇಂದ್ರವೇ ಇದೆ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಈ ನೊಣದ ಮಿದುಳಿನಲ್ಲಿ ಇರುವುದು ಸುಮಾರು 1.4 ಲಕ್ಷ. ಆದರೂ ಅದು ಹಾರುತ್ತದೆ, ಜೋಡಿ ಹುಡುಕುತ್ತದೆ, ಜಗಳವಾಡುತ್ತದೆ, ಪಾಠ ಕಲಿಯುತ್ತದೆ, ಮರೆಯುತ್ತದೆ. ಮೊದಲು ಇದು ಅರ್ಥವಾಗಲಿ, ಆಮೇಲೆ ನಮ್ಮದು ನೋಡೋಣ ಎಂಬ ಲೆಕ್ಕ.

ಬಿಸಿಗೆ ಬೀಳುವ ನೊಣ

1970ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದೀಕಿ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋಗಿ ಸೀಮೋರ್ ಬೆಂಝರ್ ಜೊತೆ ಸೇರಿದರು. ನೊಣದ ನಡವಳಿಕೆಯನ್ನು ಒಂದೊಂದೇ ಜೀನ್ ಮೂಲಕ ಅರಿಯಬಹುದು ಎಂದು ಹೊರಟಿದ್ದವರು ಬೆಂಝರ್. ಅಲ್ಲಿ ನೋಡಿದ್ದು ಒಂದು ವಿಚಿತ್ರ ಬಗೆಯ ನೊಣಗಳನ್ನು. ಸಾಮಾನ್ಯ ತಾಪಮಾನದಲ್ಲಿ ಎಲ್ಲ ನೊಣಗಳ ಹಾಗೆ ಓಡಾಡಿಕೊಂಡಿರುತ್ತವೆ. ಸ್ವಲ್ಪ ಬಿಸಿ ಮಾಡಿದರೆ ದೊಪ್ಪನೆ ಬಿದ್ದು ಮರಗಟ್ಟುತ್ತವೆ. ತಣ್ಣಗಾದರೆ ಮತ್ತೆ ಎದ್ದು ನಡೆಯುತ್ತವೆ. ಒಂದೇ ಒಂದು ಜೀನ್ ಕೆಟ್ಟಿರುವುದರಿಂದ ಹೀಗಾಗುತ್ತದೆ.

ಕರೆಂಟ್ ಹೋದಾಗ ಲೈನ್‌ಮನ್ ಏನು ಮಾಡುತ್ತಾನೆ? ಟ್ರಾನ್ಸ್‌ಫಾರ್ಮರ್‌ವರೆಗೆ ಬಂದಿದೆಯೇ, ಕಂಬದವರೆಗೆ ಬಂದಿದೆಯೇ, ಮನೆಯ ಫ್ಯೂಸ್ ಹೋಗಿದೆಯೇ ಎಂದು ಒಂದೊಂದೇ ಕಡೆ ತಾಗಿಸಿ ನೋಡುತ್ತಾನೆ. ಇವರು ಮಾಡಿದ್ದೂ ಅದೇ. ಕೂದಲಿಗಿಂತ ಸಣ್ಣ ತುದಿಯ ಎಲೆಕ್ಟ್ರೋಡ್‌ಗಳನ್ನು ನೊಣದ ಸ್ನಾಯುವಿಗೆ ಚುಚ್ಚಿ, ಬಿಸಿ ಮಾಡಿ, ಸಂಕೇತ ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿದರು. ನರದ ತಂತಿಯಲ್ಲೇ ನಿಂತಿತೇ, ನರ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಜಾಗದಲ್ಲಿ ನಿಂತಿತೇ? ಸಿದ್ದೀಕಿ ಮತ್ತು ಬೆಂಝರ್ ಇದನ್ನು 1976ರಲ್ಲಿ ಪ್ರಕಟಿಸಿದರು. ಆ ನೊಣಗಳ ಹೆಸರುಗಳೇ ಒಂದು ಕಥೆ. ಒಂದು ‘ಪ್ಯಾರಾ’, ಪ್ಯಾರಾಲಿಸಿಸ್ ಎಂಬುದರ ಮೊದಲರ್ಧ. ಇನ್ನೊಂದು ‘ಶಿಬಿರೆ’, ಜಪಾನಿ ಭಾಷೆಯಲ್ಲಿ ಮರಗಟ್ಟುವುದು. ಮತ್ತೊಂದು ‘ಕೊಮಟೋಸ್’, ಕೋಮಾಕ್ಕೆ ಹೋದದ್ದು. ಮುಂದೆ ನಮ್ಮ ದೇಶದಲ್ಲಿ ಸಿಕ್ಕ ಇಂಥದೇ ಕೆಲವು ನೊಣಗಳಿಗೆ ‘ಸ್ತಂಭ’ ಎಂದು ಹೆಸರಿಟ್ಟರು.

ಈ ಜೀನ್‌ಗಳು ಏನು ಮಾಡುತ್ತವೆ ಎಂಬುದು ಗೊತ್ತಾಗಿದ್ದು ವರ್ಷಗಳ ನಂತರ. ‘ಪ್ಯಾರಾ’ ಎಂಬುದು ನರಕೋಶದ ಗೋಡೆಯಲ್ಲಿರುವ ಸೋಡಿಯಂ ಬಾಗಿಲಿನ ಜೀನ್. ನರದಲ್ಲಿ ವಿದ್ಯುತ್ ಅಲೆ ಓಡುವುದು ಇಂಥ ಬಾಗಿಲುಗಳು ತೆರೆದು ಮುಚ್ಚುವುದರಿಂದ. ಇದನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ನರದಲ್ಲಿ ಲೆಕ್ಕ ಸಮೇತ ತೋರಿಸಿದ್ದರು. ‘ಶಿಬಿರೆ’, ‘ಕೊಮಟೋಸ್’ ಎರಡೂ ನರದ ತುದಿಯಲ್ಲಿ ಸುದ್ದಿ ಸಾಗಿಸುವ ಪುಟ್ಟ ಚೀಲಗಳ ವ್ಯವಹಾರಕ್ಕೆ ಸೇರಿದವು. ಬೆನ್ನುಮೂಳೆ ಇಲ್ಲದ ಪ್ರಾಣಿಗಳಿಂದಲೇ ನಮ್ಮ ಬೆನ್ನುಮೂಳೆಯೊಳಗಿನ ತಂತಿಯ ಗುಟ್ಟು ತಿಳಿದದ್ದು ನೋಡಿ.

ಕವಲು ಕೊಳವೆ

ಬಾಂಬೆಗೆ ಮರಳಿದ ಮೇಲೆ ಸಿದ್ದೀಕಿ ಮೂಗು ಮತ್ತು ನಾಲಿಗೆಯ ಕಡೆ ತಿರುಗಿದರು. ಈ ಕೆಲಸದಲ್ಲಿ ಅವರ ಜೊತೆಯಾದವರು ವೆರೋನಿಕಾ ರೋಡ್ರಿಗ್ಸ್. ಗೋವಾ ಮೂಲದ ಕುಟುಂಬ, ಬೆಳೆದದ್ದು ಕೀನ್ಯಾದಲ್ಲಿ, ಓದಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಸಂಶೋಧನೆಗೆ ಬಂದದ್ದು ಬಾಂಬೆಗೆ. ಗುರು ಶಿಷ್ಯೆ ಇಬ್ಬರೂ ಸೇರಿ 1978ರಲ್ಲಿ ಪ್ರಕಟಿಸಿದ ಕೆಲಸ ನೊಣದ ಘ್ರಾಣದ ಜೀನ್ ಅಧ್ಯಯನಕ್ಕೆ ಬುನಾದಿ ಹಾಕಿತು.

ಉಪಕರಣ ಕೇಳಿದರೆ ನಗು ಬರುತ್ತದೆ. ಇಂಗ್ಲಿಷಿನ ವೈ ಅಕ್ಷರದ ಆಕಾರದ ಗಾಜಿನ ಕೊಳವೆ. ಒಂದು ಕವಲಿನಲ್ಲಿ ವಾಸನೆಯ ಗಾಳಿ, ಇನ್ನೊಂದರಲ್ಲಿ ಬರೀ ಗಾಳಿ. ನೊಣಗಳನ್ನು ಬಿಟ್ಟು ಯಾವ ಕಡೆ ಎಷ್ಟು ಹೋದವು ಎಂದು ಎಣಿಸುವುದು. ಎಣಿಸುವುದೇ ಕೆಲಸ. ಜೀನ್ ಕೆಡಿಸಿದ ನೊಣಗಳ ತಳಿ ಮೇಲೆ ತಳಿ ಎಣಿಸುತ್ತಾ ಹೋದಾಗ ಸಿಕ್ಕ ಸಂಗತಿ ಇದು: ಕೆಲವು ನೊಣಗಳಿಗೆ ಬೆಂಝಾಲ್ಡಿಹೈಡ್ ಎಂಬ ಬಾದಾಮಿ ಎಸೆನ್ಸಿನಂಥ ವಾಸನೆ ತಿಳಿಯುವುದಿಲ್ಲ, ಉಳಿದ ವಾಸನೆ ತಿಳಿಯುತ್ತದೆ. ಇನ್ನು ಕೆಲವಕ್ಕೆ ಮಾಗಿದ ಹಣ್ಣಿನ ಘಮದ ಅಸಿಟೇಟ್‌ಗಳಲ್ಲಿ ಮಾತ್ರ ತೊಡಕು, ಬೇರೆ ವಾಸನೆಗೆ ತೊಂದರೆಯಿಲ್ಲ. ಇಡೀ ಮೂಗೇ ಕೆಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಅಂದರೆ ಬೇರೆ ಬೇರೆ ವಾಸನೆಗೆ ಬೇರೆ ಬೇರೆ ಬಾಗಿಲು ಇರಬೇಕು, ಅವನ್ನು ಬೇರೆ ಬೇರೆ ಜೀನ್‌ಗಳು ಕಾಯುತ್ತಿರಬೇಕು.

ಇಲಿಯ ಮೂಗಿನಲ್ಲಿ ಆ ಬಾಗಿಲುಗಳ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ ಕೈಗೆ ಹಿಡಿದು ತೋರಿಸಿದ್ದು 1991ರಲ್ಲಿ. ನೊಣದಲ್ಲಿ ಸಿಕ್ಕಿದ್ದು 1999ರಲ್ಲಿ. ಬಕ್, ಆ್ಯಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ‘ನಮ್ಮವರಿಗೆ ಸಿಗಬೇಕಿತ್ತು’ ಎಂದು ಗೋಳಾಡಲು ನಾವು ಇದನ್ನು ಹೇಳುತ್ತಿಲ್ಲ. ಅವರು ಕಂಡುಹಿಡಿದದ್ದು ಅವರದೇ. ಆದರೆ ಅಂಥ ಬಾಗಿಲುಗಳು ಇರಬೇಕೆಂದು ಗಾಜಿನ ಕೊಳವೆಯೊಳಗೆ ನೊಣ ಎಣಿಸುತ್ತಾ ತರ್ಕಿಸಿದವರು ಬಾಂಬೆಯಲ್ಲಿದ್ದರು ಎಂಬುದನ್ನು ಒಂದು ಸಾಲಿನಲ್ಲಾದರೂ ಬರೆಯಬೇಕಲ್ಲ.

ರುಚಿಯ ಕಥೆ ಇನ್ನೂ ಸ್ವಾರಸ್ಯ. ನೊಣ ಬಾಯಿಯಿಂದ ಮಾತ್ರ ರುಚಿ ನೋಡುವುದಿಲ್ಲ, ಕಾಲಿನಿಂದಲೂ ನೋಡುತ್ತದೆ. ನಿಮ್ಮ ಲೋಟದ ಅಂಚಿನಲ್ಲಿ ನಡೆದಾಡಿತು ಎಂದರೆ ಅಷ್ಟರಲ್ಲೇ ಕಾಫಿಯ ಸಕ್ಕರೆ ನೋಡಿ ಆಯಿತು. ಬಾಯಿಯ ಮೇಲಿನ ಒಂದೊಂದು ಸಣ್ಣ ಕೂದಲಿನಲ್ಲೂ ಕೆಲವೇ ನರಕೋಶಗಳು: ಒಂದು ಸಿಹಿಗೆ, ಒಂದು ನೀರಿಗೆ, ಉಳಿದವು ಉಪ್ಪಿಗೆ. ಸಕ್ಕರೆ ನೀರು ತುಂಬಿದ ಗಾಜಿನ ಸಣ್ಣ ನಳಿಗೆಯನ್ನು ಆ ಕೂದಲಿನ ತುದಿಗೆ ಟೋಪಿಯಂತೆ ತೊಡಿಸಿದರೆ, ಅದೇ ದ್ರವ ರುಚಿಯನ್ನೂ ಕೊಡುತ್ತದೆ, ನರದ ವಿದ್ಯುತ್ತನ್ನೂ ಹೊರಕ್ಕೆ ತರುತ್ತದೆ. 1955ರಲ್ಲಿ ಹಾಡ್ಜ್‌ಸನ್, ಲೆಟ್‌ವಿನ್, ರೋಡರ್ ಎಂಬ ಮೂವರು ಬೇರೊಂದು ನೊಣದಲ್ಲಿ ತೋರಿಸಿಕೊಟ್ಟ ಉಪಾಯ ಇದು.

ಈ ಉಪಾಯ ಬಳಸಿ ಸಿದ್ದೀಕಿ, ರೋಡ್ರಿಗ್ಸ್ ಮತ್ತು ಸಂಗಡಿಗರು ‘ಗಸ್ಟ್-ಬಿ’ ಎಂಬ ತಳಿಯ ನೊಣವನ್ನು ಪರೀಕ್ಷಿಸಿದರು. ಆ ನೊಣ ಬೇರೆ ನೊಣಗಳಂತೆ ಉಪ್ಪಿನಿಂದ ದೂರ ಸರಿಯದೆ ಹತ್ತಿರ ಬರುತ್ತದೆ. ಏಕೆಂದು ನೋಡಿದರೆ, ಅದರ ಸಿಹಿಯ ನರ ಉಪ್ಪಿಗೂ ಮಿಡಿಯುತ್ತಿದೆ. ಉಪ್ಪು ತಾಗಿದಾಗ ಮಿದುಳಿಗೆ ‘ಸಕ್ಕರೆ’ ಎಂಬ ವರದಿ ಹೋಗುತ್ತಿದೆ. ನೊಣದ ಮಿದುಳು ಏನು ಮಾಡೀತು ಪಾಪ, ಬಂದ ವರದಿಯನ್ನು ನಂಬುತ್ತದೆ. ಇದು 1987ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುದ್ದಿಗಾರರಾದ ನಮಗೆ ಈ ನೊಣವನ್ನು ಮರೆಯಲು ಆಗುವುದಿಲ್ಲ. ಮಿದುಳಿಗೆ ಲೋಕ ನೇರವಾಗಿ ಕಾಣುವುದಿಲ್ಲ, ಯಾವ ತಂತಿ ಮಿಡಿಯಿತು ಎಂಬುದಷ್ಟೇ ಅದಕ್ಕೆ ಸಿಗುವ ಸುದ್ದಿ.

ರೋಡ್ರಿಗ್ಸ್ ಮುಂದೆ ಸ್ವತಂತ್ರವಾಗಿ ಬೆಳೆದರು. ನೊಣದ ಮೂಗಿನ ಸುಮಾರು 1,300 ನರಕೋಶಗಳ ತಂತಿಗಳು ಮಿದುಳಿನ ಮುಂಭಾಗದಲ್ಲಿ ಸುಮಾರು 50 ಚಿಕ್ಕ ಗಂಟುಗಳಲ್ಲಿ ಸೇರುತ್ತವೆ. ಒಂದೊಂದು ವಾಸನೆಗೆ ಬೇರೆ ಬೇರೆ ಗಂಟುಗಳು ಚುರುಕಾಗುತ್ತವೆ, ಅಂದರೆ ವಾಸನೆಗೂ ಮಿದುಳಿನಲ್ಲಿ ಒಂದು ನಕ್ಷೆ ಇದೆ ಎಂಬುದನ್ನು 1988ರಲ್ಲೇ ತೋರಿಸಿದರು. ಕೊನೆಗಾಲದಲ್ಲಿ ಕ್ಯಾನ್ಸರ್ ಕಾಡಿತು. 2010ರಲ್ಲಿ ತೀರಿಕೊಂಡರು.

‘ಇದರಿಂದ ಏನು ಉಪಯೋಗ?’

ಡೆಸ್ಕಿನಿಂದ ಮೊದಲು ಬರುವ ಪ್ರಶ್ನೆ ಇದು. ರೈತನಿಗೇನು ಲಾಭ, ಹೆಡ್‌ಲೈನ್ ಏನು ಕೊಡುವುದು. ಒಮ್ಮೆ ಒಂದು ಪತ್ರಿಕೆಗೆ ಇಂಥದೊಂದು ಬರಹ ಕಳಿಸಿದಾಗ ಫೋನಿನಲ್ಲಿ ಕೇಳಿದ್ದರು, ‘ನೊಣದ ಬಗ್ಗೆ 400 ಪದ ಯಾರ್ ಓದ್ತಾರೆ ಮಾರಾಯ್ರೆ?’ ಬರಹ ಬರಲಿಲ್ಲ. ನಮಗೆ ದುಡ್ಡು ಅಚ್ಚಾದ ಸುದ್ದಿಗೆ ಮಾತ್ರ, ಹಾಗಾಗಿ ಆ ದಿನದ ಪೆಟ್ರೋಲೂ ನಮ್ಮದೇ.

ಇದೇ ಪ್ರಶ್ನೆಯನ್ನು ನಮ್ಮೂರಿನ ರೇಷ್ಮೆ ಬೆಳೆಗಾರರೊಬ್ಬರೂ ಕೇಳಿದರು. ಅವರ ಮಗಳು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಮುಂದೆ ಎಂ.ಎಸ್ಸಿ ಮಾಡಿ ಕೀಟಗಳ ಮೇಲೆ ಸಂಶೋಧನೆ ಮಾಡಬೇಕಂತೆ. ಅಪ್ಪನಿಗೆ ಬಿ.ಎಡ್ ಮಾಡಿಸುವ ಆಸೆ.

‘ಅಲ್ಲಾ ಸಾರ್, ಮನೇಲಿ ನೊಣ ಓಡ್ಸೋಕೆ ನಾವು ಫ್ಯಾನ್ ಹಾಕ್ತೀವಿ. ಇವಳು ನೊಣ ಸಾಕೋಕೆ ಬೆಂಗಳೂರಿಗೆ ಹೋಗ್ತಾಳಂತೆ. ನೀವು ಪೇಪರ್‌ನೋರು, ಬುದ್ಧಿ ಹೇಳಿ.’

‘ಗೌಡ್ರೆ, ಹುಳು ಮನೆಗೆ ಬಲೆ ಕಟ್ಟಿದೀರಲ್ಲ, ಊಜಿ ನೊಣಕ್ಕೆ ಒಳಗೆ ಹುಳು ಇದೆ ಅಂತ ಹೇಗೆ ಗೊತ್ತಾಗುತ್ತೆ?’ ಎಂದೆವು.

‘ವಾಸನೆಗೆ ಬರ್ತದೆ, ಇನ್ನೇನು.’

‘ಯಾವ ವಾಸನೆ? ಹುಳುದ್ದಾ, ಸೊಪ್ಪಿಂದಾ?’

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮೂವತ್ತು ವರ್ಷ ಹುಳು ಸಾಕಿದವರು. ಬಾಗಿಲ ಹತ್ತಿರ ನಿಂತಿದ್ದ ಮಗಳು ಮೆಲ್ಲಗೆ ಅಂದಳು, ‘ಅಪ್ಪಾ, ನಾನು ಓದ್ಬೇಕು ಅಂತಿರೋದೂ ಅಂಥದ್ದನ್ನೇ.’

ನಾವು ಅಲ್ಲಿ ಗೆದ್ದೆವು ಎಂದುಕೊಳ್ಳಬೇಡಿ. ಅಪ್ಪನ ಚಿಂತೆ ನಿಜದ್ದು. ಪಿಎಚ್.ಡಿ ಮುಗಿಯುವಷ್ಟರಲ್ಲಿ ಮೂವತ್ತರ ಹತ್ತಿರ ಬರುತ್ತಾಳೆ, ಅಲ್ಲಿವರೆಗೆ ಫೆಲೋಶಿಪ್, ಆಮೇಲೆ ಕೆಲಸ ಸಿಗುತ್ತದೋ ಇಲ್ಲವೋ. ಅಚ್ಚಾದಷ್ಟಕ್ಕೆ ದುಡ್ಡು ಎಣಿಸುವ ನಾವು ಅವರಿಗೆ ಧೈರ್ಯ ಹೇಳುವ ಯೋಗ್ಯತೆ ಇಟ್ಟುಕೊಂಡಿಲ್ಲ. ಆದರೆ ಉಪಯೋಗದ ಪ್ರಶ್ನೆಗೆ ನಮ್ಮ ಸುತ್ತಲೇ ಒಂದು ಉತ್ತರ ಇದೆ, ಅದನ್ನು ಹೇಳಬಹುದು.

ಮಾವಿನ ತೋಪುಗಳಲ್ಲಿ ಮೋಹಕ ಬಲೆ ನೇತುಹಾಕಿರುವುದನ್ನು ನೀವು ನೋಡಿದ್ದೀರಿ. ಡಬ್ಬಿಯೊಳಗೆ ಮೀಥೈಲ್ ಯುಜೆನಾಲ್ ಅದ್ದಿದ ಚಿಕ್ಕ ಮರದ ತುಂಡು. ಗಂಡು ಹಣ್ಣು ನೊಣಗಳು ಅದರ ವಾಸನೆಗೆ ಹುಚ್ಚೆದ್ದು ಬಂದು ಸಾಯುತ್ತವೆ. ಈ ಬಲೆಯ ಮೂಲ ಸಿದ್ದೀಕಿಯವರ ಪ್ರಯೋಗಾಲಯ ಎಂದರೆ ಅದು ಸುಳ್ಳಾಗುತ್ತದೆ. ಬಿಹಾರದ ಪೂಸಾದಲ್ಲಿ ಹೌಲೆಟ್ ಎಂಬ ಬ್ರಿಟಿಷ್ ಕೀಟತಜ್ಞ ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಗಂಡು ನೊಣಗಳು ಮುತ್ತುವುದನ್ನು 1912ರಲ್ಲೇ ಬರೆದಿದ್ದರು. ಉಪಯೋಗ ಮೊದಲು ಬಂತು. ಆ ವಾಸನೆ ನೊಣದ ತಲೆಯೊಳಗೆ ಹೋಗಿ ಏನು ಮಾಡುತ್ತದೆ ಎಂಬ ತಿಳಿವಳಿಕೆ ದಶಕಗಳ ನಂತರ ಬಂತು. ಹಾಗಾದರೆ ತಿಳಿವಳಿಕೆ ಯಾಕೆ ಬೇಕು?

ಮನೆಯಲ್ಲಿ ಸಂಜೆ ಹಚ್ಚುವ ಸೊಳ್ಳೆ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ದ್ರವ, ಬದನೆ ಟೊಮೆಟೊಗೆ ಹೊಡೆಯುವ ಸೈಪರ್‌ಮೆಥ್ರಿನ್, ಇವೆಲ್ಲ ಪೈರೆಥ್ರಾಯ್ಡ್ ಎಂಬ ಒಂದೇ ಬಳಗ. ಇವು ಕೀಟದ ದೇಹದಲ್ಲಿ ಹೊಡೆಯುವ ಜಾಗ ಅದೇ ಸೋಡಿಯಂ ಬಾಗಿಲು. ಡಿಡಿಟಿ ಹೊಡೆಯುತ್ತಿದ್ದುದೂ ಅಲ್ಲಿಗೇ. ಕೆಲವು ವರ್ಷ ಚೆನ್ನಾಗಿ ಕೆಲಸ ಮಾಡಿ ಒಂದು ದಿನ ಔಷಧಿ ನಾಟುವುದಿಲ್ಲ. ‘ಕಂಪನಿಯವ್ರು ಕಲಬೆರಕೆ ಮಾಡ್ತಾವ್ರೆ’ ಎಂದು ಅಂಗಡಿಯ ಮುಂದೆ ಜಗಳ. ಕೆಲವು ಸಲ ಅದು ನಿಜವೂ ಇದ್ದೀತು. ಇನ್ನು ಕೆಲವು ಸಲ ಬದಲಾಗಿರುವುದು ಕೀಟ. ಸೊಳ್ಳೆಯಲ್ಲಿ, ಮನೆನೊಣದಲ್ಲಿ ಆ ಬಾಗಿಲಿನ ಜೀನ್ ಒಂದೆರಡು ಅಕ್ಷರ ಬದಲಾಗಿ, ಔಷಧಿ ಅಲ್ಲಿ ಕೂರದಂತಾಗಿರುತ್ತದೆ. ಈ ಮಾತನ್ನು ಹೇಳಲು ಸಾಧ್ಯವಾದದ್ದು ಆ ಬಾಗಿಲು ಇದೆ, ಅದಕ್ಕೆ ಇಂಥ ಜೀನ್ ಇದೆ ಎಂದು ಯಾರೋ ಮೊದಲೇ ಹುಡುಕಿಟ್ಟಿದ್ದರಿಂದ. ಬಿಸಿಗೆ ಬೀಳುವ ನೊಣದ ಬೆನ್ನು ಹತ್ತಿದವರಿಗೆ ಸೊಳ್ಳೆ ಬತ್ತಿ ತಯಾರಿಸುವ ಉದ್ದೇಶ ಇರಲಿಲ್ಲ. ನರದಲ್ಲಿ ಸುದ್ದಿ ಹೇಗೆ ಓಡುತ್ತದೆ ಎಂದು ತಿಳಿಯಬೇಕಿತ್ತು, ಅಷ್ಟೆ.

ಕೆಲಸ ನಡೆಯುತ್ತಿರುವವರೆಗೆ ‘ಹೇಗೆ’ ಎಂದು ಯಾರೂ ಕೇಳುವುದಿಲ್ಲ. ಕೆಟ್ಟು ನಿಂತ ದಿನ ಎಲ್ಲರಿಗೂ ಅದೇ ಬೇಕು. ಅಂದು ಹುಡುಕಲು ಹೊರಟರೆ ತಡವಾಗಿರುತ್ತದೆ. ನೊಣಕ್ಕೆ ಮಾತ್ರವಲ್ಲ, ನಮ್ಮ ಜಿಲ್ಲೆಯ ಕೆರೆಗೆ, ಕೊಳವೆಬಾವಿಗೆ, ಸಹಕಾರಿ ಸಂಘಕ್ಕೆ, ನಮ್ಮ ಪತ್ರಿಕೆಗೂ ಇದು ಸಲ್ಲುತ್ತದೆ.

ಜಿಕೆವಿಕೆ ಗೇಟಿನ ಒಳಗೆ

ಸಿದ್ದೀಕಿ 1990ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಅದರ ಸ್ಥಾಪಕ ನಿರ್ದೇಶಕರು ಅವರೇ. ಇರುವುದು ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ಯಲಹಂಕ ದಾಟಿ ಹೆಬ್ಬಾಳ ಮುಟ್ಟುವ ಮುಂಚೆ ಅದೇ ಗೇಟಿನ ಮುಂದೆ ಹಾದು ಹೋಗುತ್ತವೆ. ಕೃಷಿ ಮೇಳಕ್ಕೆ ಲಾರಿ, ಟೆಂಪೊ ಕಟ್ಟಿಕೊಂಡು ಜನ ಹೋಗುವುದು ಅಲ್ಲಿಗೇ. ನಾವೂ ಮೇಳದ ವರದಿಗೆ ಹೋಗಿದ್ದೇವೆ, ದೊಡ್ಡ ಹೋರಿ, ಹೊಸ ರಾಗಿ ತಳಿ, ಡ್ರೋನ್ ಎಲ್ಲ ಬರೆದಿದ್ದೇವೆ. ಅದೇ ಆವರಣದಲ್ಲಿ ಸ್ವಲ್ಪ ದೂರದಲ್ಲಿ ಒಬ್ಬರು ಹಿರಿಯರು ನೊಣದ ಮೂಗು ನೋಡುತ್ತಿದ್ದರು.

ಪದ್ಮಭೂಷಣ ಬಂತು, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು, ಎರಡೂ 1984ರಲ್ಲಿ. 2006ರಲ್ಲಿ ಪದ್ಮವಿಭೂಷಣ. ನಿರ್ದೇಶಕ ಹುದ್ದೆಯಿಂದ ಇಳಿದ ಮೇಲೂ ಪ್ರಯೋಗಾಲಯಕ್ಕೆ ಬರುವುದನ್ನು ಬಿಡಲಿಲ್ಲ. 2010ರಲ್ಲಿ, 78ನೇ ವಯಸ್ಸಿನಲ್ಲಿ, ಕಿರಿಯ ಸಂಗಡಿಗರ ಜೊತೆ ಒಂದು ಪ್ರಬಂಧ ಪ್ರಕಟಿಸಿದರು. ಕೋಶದಿಂದ ಆಗತಾನೆ ಹೊರಬಂದ ನೊಣ ಯಾವ ವಾಸನೆಯ ನಡುವೆ ಕಣ್ಣು ಬಿಡುತ್ತದೋ, ಅದರಂತೆ ಅದರ ಮೂಗಿನ ನರಕೋಶಗಳು ಸಂಕೇತ ಕಳಿಸುವ ರೀತಿಯೇ ಬದಲಾಗುತ್ತದೆ ಎಂಬುದು ಅದರ ವಿಷಯ. ಅನುಭವ ಗುರುತು ಬಿಡುವುದು ಮಿದುಳಿನ ಆಳದಲ್ಲಿ ಮಾತ್ರವಲ್ಲ, ಹೊಸ್ತಿಲಲ್ಲೂ ಬಿಡುತ್ತದೆ.

2013ರ ಜುಲೈ 26ರಂದು ಅವರು ತೀರಿಕೊಂಡರು. ಮನೆಯ ಹತ್ತಿರ ನಡೆದ ಅಪಘಾತ, ಕೆಲವು ದಿನ ಆಸ್ಪತ್ರೆ. ನಮ್ಮ ಸಿದ್ಧ ಸಾಲಿನಲ್ಲಿ ಹೇಳುವುದಾದರೆ, ಚಿಕಿತ್ಸೆ ಫಲಕಾರಿಯಾಗಲಿಲ್ಲ.

ಈ ಬಳಗದ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ತಾಲ್ಲೂಕಿನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಕೀಟಶಾಸ್ತ್ರದವರ ಜೊತೆ ಅರ್ಧ ಗಂಟೆ ಕೂರಿ. ಉಪಯೋಗ ಕೇಳುವ ಮೊದಲು, ‘ನಿಮಗೆ ಇನ್ನೂ ಅರ್ಥವಾಗದೆ ಉಳಿದಿರುವುದು ಯಾವುದು ಸಾರ್’ ಎಂದು ಕೇಳಿ ನೋಡಿ. ಅವರು ಮೊದಲು ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ, ಆಮೇಲೆ ಬಾಟಲಿ ತೆಗೆದು ತೋರಿಸುತ್ತಾರೆ. ಬರೆದು ಕಳಿಸಿ. ಇಲ್ಲಿ ಪದಗಳ ಮಿತಿ ಇಲ್ಲ, ಕೊನೆಯ ಪ್ಯಾರಾವನ್ನು ಯಾರೂ ಕತ್ತರಿಸುವುದಿಲ್ಲ.